ಅಮ್ಮನ ಅಳತೆಯ ಕಟ್ಟೆ

ನಮ್ಮಪ್ಪ ಗಾರೆ ಮೇಸ್ತ್ರಿ. ಗೋಡೆ ಎಬ್ಬಿಸುವ ಮೇಸ್ತ್ರಿಗಳು ಬೀದಿಗೊಬ್ಬರಿದ್ದಾರೆ, ಆದರೆ ಅಡುಗೆಮನೆ ಎಂದರೆ ಜನ ಅಪ್ಪನನ್ನೇ ಹುಡುಕಿಕೊಂಡು ಬರುತ್ತಾರೆ. ಅವನಿಗೆ ಭುಜದ ಮೇಸ್ತ್ರಿ ಎಂದೇ ಹೆಸರು.

ಹೆಸರು ಬಂದದ್ದು ಅವನ ಕೆಲಸದ ರೀತಿಯಿಂದ. ಅಡುಗೆಕಟ್ಟೆ ಎಷ್ಟು ಎತ್ತರ ಬೇಕು ಎಂದು ಅವನು ಮನೆಯವರನ್ನು ಕೇಳುವುದಿಲ್ಲ. ಸಿಮೆಂಟು ಹಾಕದೆ ಇಟ್ಟಿಗೆಗಳನ್ನು ವರಸೆ ಮೇಲೆ ವರಸೆ ಜೋಡಿಸುತ್ತಾನೆ. ಮೇಲೊಂದು ಹಲಗೆ ಇಟ್ಟು, ಅಡುಗೆ ಮಾಡುವವರ ಕೈಗೆ ಚಾಕುವನ್ನೂ ಒಂದು ಎಲೆಕೋಸನ್ನೂ ಕೊಟ್ಟು, ತಾನು ಹಿಂದೆ ನಿಂತು ಅವರ ಭುಜ ನೋಡುತ್ತಾನೆ. ಕಟ್ಟೆ ಎತ್ತರವಾದರೆ ಭುಜ ಕಿವಿಯ ಕಡೆಗೆ ಏರುತ್ತದೆ, ತಗ್ಗಾದರೆ ಬೆನ್ನು ಬಾಗುತ್ತದೆ. ಒಂದು ವರಸೆ ತೆಗೆದು, ಒಂದು ಇಟ್ಟು, ಭುಜ ತಾನಾಗಿ ಇಳಿದಾಗ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. "ಬಾಯಲ್ಲಿ ಕೇಳಿದ್ರೆ ಪಕ್ಕದ ಮನೇದು ಎಷ್ಟಿದೆಯೋ ಅಷ್ಟೇ ಇರ್ಲಿ ಅಂತಾರೆ. ಭುಜಕ್ಕೆ ಪಕ್ಕದ ಮನೆ ಗೊತ್ತಿಲ್ಲ" ಎನ್ನುವುದು ಅವನ ಮಾತು.

ಇಷ್ಟೆಲ್ಲ ಹೊಗಳಿದ ಮೇಲೆ ನಮ್ಮ ಮನೆಯ ಅಡುಗೆಮನೆಯ ವಿಷಯ ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ಅದು ಅಪ್ಪ ಸ್ವಂತವಾಗಿ ಕಟ್ಟಿದ ಮೊದಲ ಕಟ್ಟೆ. ಆಗ ಅವನಿಗೆ ಹತ್ತೊಂಬತ್ತು, ಮದುವೆಯಾಗಿರಲಿಲ್ಲ, ಅಡುಗೆ ಮಾಡುತ್ತಿದ್ದವಳು ಅಜ್ಜಿ. ಅಜ್ಜಿ ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಎತ್ತರದ ಹೆಂಗಸು. ಅವಳ ಭುಜ ನೋಡಿ ಹನ್ನೆರಡು ವರಸೆಗೆ ಕಟ್ಟೆ ಎಬ್ಬಿಸಿ, ಮೇಲೆ ಒಂದೇ ತುಂಡಿನ ಕರಿಕಲ್ಲು ಹಾಸಿದ. ಆಮೇಲೆ ಮದುವೆಯಾಗಿ ಅಮ್ಮ ಬಂದಳು. ಅಮ್ಮ ಅಜ್ಜಿಯ ಹೆಗಲಿಗೂ ಬರುತ್ತಿರಲಿಲ್ಲ.

ಮೊದಲ ವರ್ಷ ಅಮ್ಮ ಒಂದು ಮಣೆಯ ಮೇಲೆ ನಿಂತು ಅಡುಗೆ ಮಾಡಿದಳಂತೆ. ಒಂದು ದಿನ ಕುದಿಯುವ ನೀರಿನ ಪಾತ್ರೆ ಹಿಡಿದು ತಿರುಗುವಾಗ ಮಣೆ ಜಾರಿತು. ಎಡಪಾದದ ಮೇಲೆ ಆ ಗುರುತು ಈಗಲೂ ಇದೆ. ಅಂದೇ ಮಣೆ ಮೂಲೆ ಸೇರಿತು, ಮುಂದೆ ಅದರ ಮೇಲೆ ಕೂತೇ ನಾನು ಅಕ್ಷರ ಕಲಿತೆ. ಅಮ್ಮ ನೆಲದ ಮೇಲೆ ನಿಂತು, ಅಜ್ಜಿಯ ಕಟ್ಟೆಯಲ್ಲೇ ಇಪ್ಪತ್ತೊಂಬತ್ತು ವರ್ಷ ಹೆಚ್ಚಿದಳು, ಕಲಸಿದಳು, ತಿಕ್ಕಿದಳು. ಅಜ್ಜಿ ಹೋಗಿ ಒಂಬತ್ತು ವರ್ಷವಾದರೂ ಅಪ್ಪನಿಗೆ ಆ ಕಟ್ಟೆ ಒಡೆಯಲು ಮನಸ್ಸು ಬರಲಿಲ್ಲ. ಯಾರಾದರೂ ಬಂದರೆ ಕಲ್ಲಿನ ಮೇಲೆ ಕೈಯಾಡಿಸಿ, "ಒಂದು ಕೂದಲೆಳೆ ಬಿರುಕಿಲ್ಲ ನೋಡಿ" ಎನ್ನುತ್ತಿದ್ದ. ಅಮ್ಮ ಅಲ್ಲೇ ಪಕ್ಕದಲ್ಲಿ ಮೊಣಕೈ ಎತ್ತಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು.

ಕೊನೆಗೂ ಮನೆ ಹಿಂದಕ್ಕೆ ಬೆಳೆಯಿತು, ಅದೂ ನನ್ನ ಕಾಟಕ್ಕೆ. ನಾನು ಬಟ್ಟೆ ಹೊಲಿಯುವವಳು, ಮಲಗುವ ಕೋಣೆಯ ಅರ್ಧ ಜಾಗವನ್ನು ನನ್ನ ಮೆಷಿನ್ನೇ ನುಂಗಿತ್ತು. ಹಿತ್ತಲ ಕಡೆ ಹತ್ತಡಿಗೆ ಏಳಡಿ ಹೊಸ ಅಡುಗೆಮನೆ, ಹಳೆಯದು ನನ್ನ ಹೊಲಿಗೆ ಕೋಣೆ ಎಂದು ತೀರ್ಮಾನವಾಯಿತು. ನನಗೆ ಕೋಣೆ ಸಿಕ್ಕ ಸಂತೋಷ. ಅಮ್ಮ ಪಾಯ ತೆಗೆದ ದಿನದಿಂದ ದಿನಕ್ಕೆ ನಾಲ್ಕು ಸಲ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಜೀವನದಲ್ಲಿ ಮೊದಲ ಸಲ ಅವಳ ಅಳತೆಗೆ ಒಂದು ಕಟ್ಟೆ ಬರುವುದಿತ್ತು.

ಗೋಡೆ ಎದ್ದು, ಮೇಲೆ ತಗಡು ಬಿದ್ದ ಮೇಲೆ ಅಪ್ಪ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಇಲ್ಲಿ ಒಲೆ, ಇಲ್ಲಿ ಸಿಂಕು, ಇಲ್ಲಿ ಡಬ್ಬಿಗಳ ಕಪಾಟು. ಬೇರೆಯವರ ಮನೆಯಲ್ಲಾದರೆ ಸೌಟು ಹಿಡಿಯುವುದು ಯಾವ ಕೈ, ದೊಡ್ಡ ಪಾತ್ರೆ ಇಳಿಸುವುದು ಎಲ್ಲಿಗೆ ಎಂದು ನೂರು ಪ್ರಶ್ನೆ ಕೇಳುವವನು, ಇಲ್ಲಿ ಒಂದನ್ನೂ ಕೇಳಲಿಲ್ಲ. ತನ್ನ ಹೆಂಡತಿ ತಾನೇ, ಗೊತ್ತಿಲ್ಲದ್ದೇನಿದೆ ಎಂಬ ಧೈರ್ಯ. ಅಮ್ಮ ಬಂದವಳೇ ಒಲೆಯನ್ನು ಕಾಲಿನಿಂದ ಒರೆಸಿ ಹಾಕಿದಳು.

"ಬಾಗಿಲ ಎದುರಿಗೆ ಒಲೆ ಇಟ್ರೆ ಗಾಳಿಗೆ ಉರಿ ನಿಲ್ಲುತ್ತೇನ್ರೀ?"

"ಮತ್ತೆಲ್ಲಿ ಇಡ್ಬೇಕು?"

"ಆ ಮೂಲೆಗೆ. ಸಿಂಕು ಕಿಟಕಿ ಕೆಳಗೆ. ಪಾತ್ರೆ ತಿಕ್ಕೋವಾಗಾದ್ರೂ ನಾಲ್ಕು ಜನರ ಮುಖ ನೋಡ್ತೀನಿ. ಇಷ್ಟು ವರ್ಷ ಗೋಡೆ ಮುಖ ನೋಡಿದ್ದು ಸಾಕು."

"ಪೈಪು ಎಂಟಡಿ ಜಾಸ್ತಿ ಎಳೀಬೇಕಾಗುತ್ತಲ್ಲೇ."

"ಎಳೀರಿ. ಮೇಸ್ತ್ರಿ ಯಾರು, ನಾನಾ?"

ಅಪ್ಪ ನನ್ನ ಕಡೆ ನೋಡಿದ. ನಾನು ಅಮ್ಮನ ಪಕ್ಷ ಎಂಬುದು ಮುಖದಲ್ಲೇ ಕಂಡಿರಬೇಕು, ತಲೆ ಕೆರೆದುಕೊಂಡು ಹೊಸ ಗೆರೆ ಎಳೆದ. ಆಮೇಲೆ ಇಟ್ಟಿಗೆ ತಂದು ಹನ್ನೊಂದು ವರಸೆ ಜೋಡಿಸಿ, ಹಲಗೆ ಇಟ್ಟು, "ಬಾ, ನಿಂತ್ಕೋ" ಎಂದ. ಅಮ್ಮ ಕೈ ಒರೆಸಿಕೊಂಡು, ಫೋಟೋಗೆ ನಿಲ್ಲುವವರ ಹಾಗೆ ನೆಟ್ಟಗೆ ನಿಂತಳು.

"ಹಾಗಲ್ಲ ಕಣೆ. ದಿನಾ ಹೇಗೆ ಹೆಚ್ತೀಯೋ ಹಾಗೆ ಹೆಚ್ಚು."

ಅಮ್ಮ ಹೆಚ್ಚತೊಡಗಿದಳು. ಬಲಭುಜ ಮೇಲೇರಿತು. ಅಪ್ಪ ಒಂದು ವರಸೆ ತೆಗೆದ, ಭುಜ ಇಳಿಯಲಿಲ್ಲ. ಇನ್ನೊಂದು ತೆಗೆದ. ಒಂಬತ್ತು ವರಸೆ ಅಮ್ಮನ ಎತ್ತರಕ್ಕೆ ಹೇಳಿ ಮಾಡಿಸಿದ ಹಾಗಿತ್ತು, ನನ್ನ ಕಣ್ಣಿಗೇ ಕಾಣುತ್ತಿತ್ತು. ಭುಜ ಮಾತ್ರ ಅಲ್ಲೇ ಇತ್ತು.

"ಭುಜ ಇಳಿಸೇ."

"ಇಳಿಸಿದೀನಲ್ರೀ" ಎಂದು ಅಮ್ಮ ಇಳಿಸಿದಳು. ಚಾಕು ಎಲೆಕೋಸಿಗೆ ತಾಗಿದ್ದೇ ತಡ, ಅದು ಮತ್ತೆ ಏರಿತು. ಅವಳಿಗೆ ಅದರ ಅರಿವೇ ಇರಲಿಲ್ಲ.

ಅಪ್ಪ ಎಂಟನೇ ವರಸೆಗೆ ಇಳಿಸಿದ. ಈಗ ಅಮ್ಮನ ಬೆನ್ನು ಬಾಗಿತು, ಬಲಭುಜ ಆಗಲೂ ಕಿವಿಯ ಹತ್ತಿರವೇ ಇತ್ತು. ಅಪ್ಪ ಇಟ್ಟಿಗೆಗಳನ್ನು ತಟ್ಟಿ ನೋಡಿದ, ನೆಲ ವಾಲಿದೆಯೇನೋ ಎಂದು ಮಟ್ಟಗೋಲು ಇಟ್ಟ. ನೆಲ ಸರಿಯಾಗಿತ್ತು. ಆಮೇಲೆ ಅವನು ಅಮ್ಮನ ಹಿಂದೆ ಹೋಗಿ, ಆ ಭುಜದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದ. ಗಂಟು ಕಟ್ಟಿದ ಹಗ್ಗದಂತೆ ಬಿಗಿದುಕೊಂಡಿತ್ತು ಅದು. ಅವನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ.

"ನೋವಿದೆಯೇನೇ?"

"ಅಯ್ಯೋ, ಅದು ಹಳೇದು" ಎಂದಳು ಅಮ್ಮ, ಹೆಚ್ಚುತ್ತಲೇ.

ಅಪ್ಪ ಉಳಿದ ಇಟ್ಟಿಗೆಗಳ ಮೇಲೆ ಕುಕ್ಕರಿಸಿದ. ಊರಿನ ಹೆಂಗಸರ ಭುಜವನ್ನೆಲ್ಲ ನೋಡಿ ಗೆರೆ ಎಳೆದವನು ಮನೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದನಲ್ಲ ಎಂದು ನನಗೆ ಸಿಟ್ಟು ಒತ್ತರಿಸಿ ಬಂತು. ಬಾಯಿ ತೆರೆದವಳು ಹಾಗೇ ನಾಲಿಗೆ ಕಚ್ಚಿಕೊಂಡೆ. ಅಮ್ಮನ ರವಿಕೆಗಳನ್ನೆಲ್ಲ ಹೊಲಿಯುವವಳು ನಾನು. ಎಂಟು ವರ್ಷದಿಂದ ಬಲಭುಜವನ್ನು ಅರ್ಧ ಇಂಚು ಎತ್ತರಿಸಿಯೇ ಕತ್ತರಿಸುತ್ತಿದ್ದೆ, ಇಲ್ಲವಾದರೆ ಕತ್ತಿನ ಹತ್ತಿರ ಸುಕ್ಕು ಬೀಳುತ್ತಿತ್ತು. ರವಿಕೆಯನ್ನು ಸರಿ ಮಾಡಿದ್ದೆ, ಯಾಕೆ ಹೀಗೆ ಎಂದು ಒಂದು ಸಲವೂ ಕೇಳಿರಲಿಲ್ಲ.

"ಈಗ ಅಳತೆ ಏನು?" ಎಂದಳು ಅಮ್ಮ. ಅವಳ ಚಿಂತೆ ಅದೊಂದೇ.

"ಎಡಗೈ ತೋರ್ಸು" ಎಂದ ಅಪ್ಪ. ಎಡಗಡೆಯ ಮೊಣಕೈಯಿಂದ ನಾಲ್ಕು ಬೆರಳು ಕೆಳಕ್ಕೆ ಗುರುತು ಹಿಡಿದು ಗೋಡೆಗೆ ಗೆರೆ ಎಳೆದ. ಒಂಬತ್ತು ವರಸೆಯೇ ಬಂತು.

ಕಟ್ಟೆಯನ್ನು ಅವನೊಬ್ಬನೇ ಕಟ್ಟಿದ, ಆಳುಗಳಿಗೆ ಮುಟ್ಟಲೂ ಬಿಡಲಿಲ್ಲ. ಪೈಪು ಎಂಟಡಿ ಹೆಚ್ಚಿಗೆ ಎಳೆದು ಸಿಂಕನ್ನು ಕಿಟಕಿಯ ಕೆಳಗೇ ಇಟ್ಟ. ಹಳೇ ಕಟ್ಟೆಯನ್ನು ಒಡೆದೇ ತೀರುತ್ತೇನೆಂದು ಸುತ್ತಿಗೆ ಹಿಡಿದು ಬಂದಾಗ ಅಮ್ಮನೇ ನನ್ನ ಕಡೆ ತೋರಿಸಿ ತಡೆದಳು. "ಇವಳು ಅಜ್ಜಿ ಹಾಗೆ ಎತ್ತರ ಇದಾಳೆ. ಬಟ್ಟೆ ಕತ್ತರಿಸೋಕೆ ಆಗುತ್ತೆ, ಬಿಡಿ." ಈಗ ಆ ಕರಿಕಲ್ಲಿನ ಮೇಲೆ ನಾನು ಬಟ್ಟೆ ಹರಡಿಕೊಂಡು ಕತ್ತರಿಸುತ್ತೇನೆ. ನನಗೆ ಅದು ಸರಿಯಾಗಿ ಹೊಂದುತ್ತದೆ. ತಲೆ ಎತ್ತಿದರೆ ಬಾಗಿಲಾಚೆ ಹೊಸ ಅಡುಗೆಮನೆ, ಅಮ್ಮನ ಬೆನ್ನು.

ಅಪ್ಪನಿಗೆ ಹೊಸದೊಂದು ಚಾಳಿ ಅಂಟಿತು. ಕೆಲಸ ಮುಗಿಸಿ ಬಂದವನು ಕೈಕಾಲು ತೊಳೆಯುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಭುಜ ನೋಡುತ್ತಿದ್ದ. ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋಗುತ್ತಿದ್ದ. ಒಂದು ತಿಂಗಳು, ಎರಡು ತಿಂಗಳು ಹೀಗೇ ಆಯಿತು. ಊಟಕ್ಕೆ ಕೂತರೂ ಅವನಿಗೆ ಮೊದಲಿನ ಹರಟೆಯಿಲ್ಲ. ಅಮ್ಮ ಎಲ್ಲವನ್ನೂ ಗಮನಿಸುತ್ತಿದ್ದಳು.

ಮೊನ್ನೆ ಸಂಜೆ ಅಪ್ಪನ ಸೈಕಲ್ ಗೇಟಿಗೆ ತಾಗಿದ ಸದ್ದಾಯಿತು. ಅಮ್ಮ ಕ್ಯಾರೆಟ್ ಹೆಚ್ಚುತ್ತಿದ್ದಳು. ಅಪ್ಪ ಬಾಗಿಲಿಗೆ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, "ಇಳಿದಿದೆ ಕಣೇ" ಎಂದ. "ನಿಜವಾಗ್ಲೂ ಇಳಿದಿದೆ."

"ಇಳೀದೆ ಇನ್ನೇನಾಗುತ್ತೆ? ಭುಜದ ಮೇಸ್ತ್ರಿ ಕಟ್ಟಿದ ಕಟ್ಟೆ" ಎಂದಳು ಅಮ್ಮ, ತಿರುಗದೆಯೇ.

ಅಪ್ಪ ಬಚ್ಚಲಿಗೆ ಹೋದ. ಎಷ್ಟೋ ದಿನದ ಮೇಲೆ ಅವನು ಗುನುಗುವುದು ಕೇಳಿಸಿತು, ಆಮೇಲೆ ನಲ್ಲಿಯ ಸದ್ದು. ಅಮ್ಮ ಉಸಿರು ಬಿಟ್ಟಳು. ಬಲಭುಜ ಎದ್ದು ತನ್ನ ಹಳೇ ಜಾಗಕ್ಕೆ ಹೋಗಿ ಕೂತಿತು.

ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. ನನ್ನ ಮುಂದೆ ಕಲ್ಲಿನ ಮೇಲೆ ಅವಳದೇ ಹೊಸ ರವಿಕೆಯ ಬಟ್ಟೆ ಹರಡಿತ್ತು.

"ಅರ್ಧ ಇಂಚು ಹಾಗೇ ಇರ್ಲಿ" ಎಂದಳು ಮೆಲ್ಲಗೆ. "ಅಪ್ಪಂಗೆ ಹೇಳ್ಬೇಡ."

ನಾನು ಸೀಮೆಸುಣ್ಣ ತೆಗೆದುಕೊಂಡು ಬಲಗಡೆ ಅರ್ಧ ಇಂಚು ಮೇಲಕ್ಕೆ ಗುರುತು ಹಾಕಿದೆ.