ಬಾಗಿಲ ಹೊರಗಿನ ಆಂಟಿ

ಅವರ ಬಲಗೈ ಬೆರಳಿನ ಗೆಣ್ಣುಗಳು ಸದಾ ಕೆಂಪಗೆ ತರಚಿರುತ್ತಿದ್ದವು. ಕಾಲಿಂಗ್ ಬೆಲ್ ಇದ್ದರೂ ಆಂಟಿ ಬಾಗಿಲು ಬಡಿಯುತ್ತಿದ್ದರು. “ಬೆಲ್ ಹೊಡದ್ರ ಏನೋ ಮಾರಾಕ ಬಂದಾರ ಅಂದ್ಕೋತಾರ. ಬಡದ್ರ ಎದ್ದು ಬರ್ತಾರ,” ಎನ್ನುತ್ತಿದ್ದರು.

ನಮ್ಮ ಬಾಗಿಲನ್ನೂ ಹಾಗೆಯೇ ಬಡಿದರು. ನಾನಾಗ ಅಮೆರಿಕದ ಮೀರಾ ಮೆಸಾ ಬಡಾವಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಗಂಡ ಕಾರು ತೆಗೆದುಕೊಂಡು ಸೊರೆಂಟೊ ವ್ಯಾಲಿಯ ಆಫೀಸಿಗೆ ಹೋದರೆ ಸಂಜೆಯವರೆಗೂ ಮಾತಿಗೊಬ್ಬರಿರಲಿಲ್ಲ. ಆಂಟಿ ಧಾರವಾಡದ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹತ್ತಿರದ ಶಾಲೆಯಲ್ಲಿ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಅಲ್ಲಿ ಇಂಥ ತೆರಿಗೆ ಏರಿಸಲೂ ಜನರೇ ಮತ ಹಾಕಬೇಕು; ಶಾಲೆಗಳ ಭದ್ರತೆಗಾಗಿ ಮನೆ ತೆರಿಗೆ ಹೆಚ್ಚಿಸಲು ಒಪ್ಪಿ ಮತ ಹಾಕಿ ಎಂದು ಕೇಳಲು ಬಂದಿದ್ದರು.

“ನಂಗೆ ವೋಟಿಲ್ಲ ಆಂಟಿ. ಡಿಪೆಂಡೆಂಟ್ ವೀಸಾ.”

“ವೋಟಿಲ್ಲಂದ್ರ ಏನಾತು, ಕಾಲದಾವಲ್ಲ? ಚಪ್ಪಲ್ ಹಾಕ್ಕೊಂಡ್ ಬಾ.”

ಚುನಾವಣೆಯವರೆಗೂ ದಿನಾ ಮಧ್ಯಾಹ್ನ ಅವರ ಜೊತೆ ಬೀದಿ ಬೀದಿ ನಡೆದೆ. ಒಂದು ಮನೆಯ ಕನ್ನಡಿಗ ಬಾಗಿಲಲ್ಲೇ ನಿಲ್ಲಿಸಿ, “ನಿಮ್ಗೆ ಮಕ್ಕಳೇ ಇಲ್ವಲ್ಲ ಆಂಟಿ, ಇದ್ರಿಂದ ನಿಮ್ಗೇನು ಲಾಭ?” ಎಂದ.

“ನನಗೇನೂ ಇಲ್ಲಪ್ಪ,” ಎಂದು ಕರಪತ್ರ ಕೊಟ್ಟು ಇಳಿದು ಬಂದರು.

ತಿರುವಿನ ಮೋಟುಗೋಡೆಯ ಮೇಲೆ ಕೂತ ಮೇಲೆ ನನಗೆ ಹೇಳಿದರು. ಹಿಂದಿನ ವರ್ಷ, ಬಂದೂಕು ಹಿಡಿದವನೊಬ್ಬ ಶಾಲೆಯ ಸುತ್ತ ಓಡಾಡುತ್ತಿದ್ದಾನೆಂದು ಪೊಲೀಸರು ಎಚ್ಚರಿಸಿದ್ದರಂತೆ. ಆಂಟಿ ಅಂಗಳದ ಮಕ್ಕಳನ್ನೆಲ್ಲ ಒಂದು ಕೋಣೆಗೆ ನುಗ್ಗಿಸಿದರು. ಆ ಹಳೆಯ ಬಾಗಿಲಿಗೆ ಹೊರಗಿನಿಂದ ಮಾತ್ರ ಕೀಲಿ ಹಾಕಲು ಬರುತ್ತಿತ್ತು.

“ಮತ್ತೆ ನೀವು?”

“ಯಾರರ ಹೊರಗ ನಿಲ್ಲಬೇಕಿತ್ತಲ್ಲ.”

ಆ ಮನುಷ್ಯ ಬೇರೆಲ್ಲೋ ಸಿಕ್ಕಿಬಿದ್ದ. ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. “ಅಲ್ಲಿ ನಿಂತಾಗ ಯಾರಿಗರ ಫೋನ್ ಮಾಡೂಣಂದ್ರ ಒಂದ್ ಹೆಸರೂ ಹೊಳೀಲಿಲ್ಲ ನೋಡು,” ಎಂದು ಎದ್ದು ಮುಂದಿನ ಮನೆಗೆ ನಡೆದರು.

ತೆರಿಗೆ ಪಾಸಾಗಲು ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಸ್ವಲ್ಪದರಲ್ಲೇ ತಪ್ಪಿತು. ಮರುದಿನ ಆಂಟಿ ಚಹಾಕ್ಕೆ ಕರೆದರು. ಊಟದ ಮೇಜಿಗೆ ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು, ತಾವು ಸಿಂಕಿಗೆ ಒರಗಿ ನಿಂತು ಕುಡಿದರು. ಚುನಾವಣೆಯ ಮಾತೆತ್ತಲಿಲ್ಲ. ಹೊರಡುವಾಗ, “ನಾಳಿಗೂ ಬರ್ತೀಯೇನು?” ಎಂದರು.

ಎರಡು ವರ್ಷದ ಮೇಲೆ ನಿದ್ದೆಯಲ್ಲೇ ತೀರಿಕೊಂಡರು. ಕೆಲಸಕ್ಕೆ ಬರಲಿಲ್ಲವೆಂದು ಶಾಲೆಯವರು ಮನೆಗೆ ಹೋದಾಗಲೇ ತಿಳಿದದ್ದು. ಅಂತ್ಯಕ್ರಿಯೆಗೆ ನಾವು ಐದು ಜನ.

ಮತ್ತೆ ಚುನಾವಣೆ ಬಂತು, ಆ ಸಲ ತೆರಿಗೆ ಪಾಸಾಯಿತು. ಅದಕ್ಕಾಗಿ ಒಬ್ಬಳೇ ಅದೇ ಬೀದಿಗಳಲ್ಲಿ ನಡೆದಿದ್ದೆ. ಬಾಗಿಲು ತೆರೆದವರೆಲ್ಲ ನನ್ನ ಹಿಂದೆ ಇಣುಕಿ, ನಿಮ್ಮ ಜೊತೆ ಬರುತ್ತಿದ್ದ ಆ ಹೆಂಗಸು ಎಲ್ಲಿ ಎಂದು ಕೇಳಿದರು. ಪ್ರತಿ ಮನೆಯಲ್ಲೂ ಮೊದಲು ಆ ಸುದ್ದಿ ಹೇಳಿ, ಆಮೇಲೆ ಮತ ಕೇಳಿದೆ.