ನನ್ನ ದನಿಗೊಂದು ಮೈಕು

ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಬೇಕಾದರೂ ಯಜಮಾನರ ಅಪ್ಪಣೆ ಬೇಕು. ಅವರು ಒಳಕೋಣೆಯಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದಾರೆ ಎಂಬುದಕ್ಕೆ ಗುರುತಾಗಿ ಬಾಗಿಲ ಹಿಡಿಕೆಗೆ ಒಂದು ಕೆಂಪು ಟವೆಲ್ ಜೋತುಬಿದ್ದಿರುತ್ತದೆ. ಟವೆಲ್ ಕಂಡ ಕೂಡಲೇ ನಾನು ಮಿಕ್ಸರ್ ಬಂದ್ ಮಾಡಬೇಕು, ಫ್ಯಾನ್ ಆರಿಸಬೇಕು, ಅತ್ತೆಯವರು ಕೆಮ್ಮು ನುಂಗಿಕೊಳ್ಳಬೇಕು. ಇಷ್ಟೆಲ್ಲ ಮೌನ ಬೇಡುವ ಆ ಕೋಣೆ ಏನೆಂದರೆ, ನಾನು ಹಾಡಲಿ ಎಂದು ಮಾಡಿದ ಸ್ಟುಡಿಯೋ.

ಸಿಟ್ಟಿನಿಂದ ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಿದರೆ, ಹೌದು, ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನನ್ನವ್ವ ಶಿರೂರಿನವಳು. ಬೀಸುವಾಗಿನ ಪದ, ಸೋಬಾನದ ಪದ, ತೊಟ್ಟಿಲ ಪದ ಎಲ್ಲ ಅವಳ ಬಾಯಲ್ಲಿದ್ದವು. ಅವಳ ಬಾಯಿಂದ ನನ್ನ ಬಾಯಿಗೆ ಬಂದವು. ಐವತ್ತು ದಾಟಿದ ಮೇಲೆ ಎತ್ತರದ ಸ್ವರಕ್ಕೆ ಹೋದಾಗ ನನ್ನ ಗಂಟಲು ಒಮ್ಮೊಮ್ಮೆ ಕೈಕೊಡತೊಡಗಿತು. ದನಿ ಇರುವಷ್ಟರಲ್ಲಿ ಎಲ್ಲವನ್ನೂ ಹಾಡಿ ಇಟ್ಟುಬಿಡೋಣ ಎಂದು ಮೊಬೈಲ್ ಮುಂದಿಟ್ಟುಕೊಂಡು ಕುಳಿತೆ. ಅದನ್ನು ನೋಡಿ ಯಜಮಾನರಿಗೆ ಕರುಣೆ ಉಕ್ಕಿ ಬಂತು.

"ಇಂಥಾ ದನಿ ಇಟ್ಕೊಂಡು ಮೊಬೈಲ್‌ನ್ಯಾಗ ಹಾಡ್ತಿಯೇನ? ತಡಿ, ಚಲೋ ಮೈಕ್ ತರೋಣು" ಅಂದರು.

ಮದುವೆಯಾದ ಮೇಲೆ ನನ್ನ ದನಿಯ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು. ಅದಕ್ಕೆ ಮರುಳಾಗಿ ಮೊಬೈಲ್ ಕೆಳಗಿಟ್ಟೆ. ಆ "ತಡಿ" ಇನ್ನೂ ಮುಗಿದಿಲ್ಲ.

ನಮ್ಮವರದು ಇಳಕಲ್ ಬಜಾರಿನಲ್ಲಿ ಸೀರೆ ಅಂಗಡಿ. ಕಪಾಟಿನ ಸೀರೆಯನ್ನೆಲ್ಲ ಬಿಡಿಸಿ, ಸೆರಗು ಎಳೆದು, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಕಡೆಗೆ "ಇನ್ನೊಮ್ಮೆ ಬರ್ತೇವ್ರಿ" ಎಂದು ಎದ್ದು ಹೋಗುವ ಗಿರಾಕಿಗಳನ್ನು ಅವರು ಊಟಕ್ಕೆ ಕುಳಿತಾಗ ದಿನಾ ಬೈಯುತ್ತಾರೆ. ಮೈಕಿನ ವಿಷಯ ಬಂದಾಗ ಅವರೇ ಆ ಗಿರಾಕಿಯಾದರು. ಅಗ್ಗದ್ದಾಗಿರಬೇಕು, ಆದರೆ ಕೇಳಿದವರಿಗೆ ಅಗ್ಗದ್ದು ಎನಿಸಬಾರದು. ಮೊದಲು ಕಂಡೆನ್ಸರ್ ಮೈಕು ಬಂತು. ಅದರ ಕಿವಿ ಎಷ್ಟು ಚುರುಕೆಂದರೆ ನನ್ನ ಪದದ ಜೊತೆಗೆ ಪಕ್ಕದ ಮನೆಯ ಮಗ್ಗವನ್ನೂ, ಹಿಂದಿನ ಓಣಿಯ ಕಲ್ಲು ಪಾಲಿಶ್ ಮಾಡುವ ಮಷೀನನ್ನೂ ಹಿಡಿದುಕೊಂಡಿತು. ಆಮೇಲೆ ಡೈನಮಿಕ್ ಮೈಕು ಬಂತು. ಅದು ನಮ್ಮ ಅತ್ತೆಯವರ ಹಾಗೆ, ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳಿಸಿಕೊಳ್ಳುತ್ತದೆ. ಮೈಕಿನಿಂದ ಕಂಪ್ಯೂಟರಿಗೆ ದನಿ ದಾಟಿಸಲು ಒಂದು ಡಬ್ಬಿ, ಕಿವಿಗೆ ಹೆಡ್‌ಫೋನು, ಉಗುಳು ಹಾರದಂತೆ ಬಾಯಿಗೆ ಅಡ್ಡ ಒಂದು ಜಾಳಿಗೆ. ನಾನು ಹಾಡಲು ಬಾಯಿ ತೆರೆದಾಗಲೆಲ್ಲ ಏನೋ ಒಂದು ಕಡಿಮೆ ಬೀಳುತ್ತಿತ್ತು.

ಇನ್ನು ಕೋಣೆಯ ಕತೆ. ಇಳಕಲ್ಲಿನ ಮನೆ ಎಂದ ಮೇಲೆ ನೆಲಕ್ಕೂ ಕಲ್ಲು, ಗೋಡೆಗೂ ಎದೆಮಟ್ಟ ಕಲ್ಲು. ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಆ ಕೆಂಪು ಕಲ್ಲನ್ನು ಬಂದವರಿಗೆಲ್ಲ ತೋರಿಸಿದವರು ನಾವು. ಅದರೊಳಗೆ ನಿಂತು ಹಾಡಿದರೆ ಬಾವಿಗೆ ಬಿದ್ದವಳು ಕೂಗಿದ ಹಾಗೆ ಕೇಳುತ್ತಿತ್ತು. ಗೋಡೆ ದನಿ ಕುಡಿಯಬೇಕು, ಅದಕ್ಕೆ ಮೆತ್ತನೆಯದೇನಾದರೂ ಹೊದಿಸಬೇಕು ಎಂದರು ಯಜಮಾನರು. ಹೊದಿಸಿದ್ದು ನನ್ನವ್ವ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿಗಳನ್ನು. ಆ ಚಳಿಗಾಲದಲ್ಲಿ ಗೋಡೆ ಬೆಚ್ಚಗಿತ್ತು, ನಾವು ನಡುಗಿದೆವು.

ಈ ಹುಚ್ಚು ಮನೆಗಷ್ಟೇ ನಿಲ್ಲಲಿಲ್ಲ. ಒಮ್ಮೆ ಪಟ್ಟದಕಲ್ಲಿಗೆ ಹೋದಾಗ ಒಂದೊಂದು ಗುಡಿಯ ಒಳಗೂ ನಿಂತು ಚಪ್ಪಾಳೆ ತಟ್ಟಿ, "ಎಕೋ ಹೆಂಗ ಬರ್ತೈತಿ ನೋಡಿಲ್ಲೆ" ಎಂದರು. ಕಾವಲುಗಾರ ಬಂದು ಇವರ ಮುಖ ಬಿಟ್ಟು ನನ್ನ ಮುಖ ನೋಡಿದ. ನಾನು ಆ ಕಡೆ ತಿರುಗಿ, ಮದ್ದಳೆ ಹಿಡಿದು ನಿಂತ ಕಲ್ಲಿನ ಶಿವಗಣಗಳನ್ನು ನೋಡುತ್ತ ನಿಂತೆ. ಶತಮಾನಗಳಿಂದ ಕೈ ಎತ್ತಿದಂತೆಯೇ ಇವೆ, ಒಂದೂ ಬಾರಿಸಿಲ್ಲ. ಇವುಗಳಿಗೂ ಯಾರೋ ಎಲ್ಲೋ ಚಲೋ ಮೈಕು ಹುಡುಕುತ್ತಿರಬೇಕು ಎನಿಸಿತು.

ಹೀಗೆ ಹುಡುಕಿ ಹುಡುಕಿ ಗಳಿಸಿದ ವಿದ್ಯೆ ಸುಮ್ಮನೆ ಹಾಳಾಗಬಾರದೆಂದು ಯಜಮಾನರು ಒಂದು ಚಾನೆಲ್ ಶುರು ಮಾಡಿದರು. ಕಡಿಮೆ ರೊಕ್ಕದಲ್ಲಿ ಮನೆಯಲ್ಲೇ ಸ್ಟುಡಿಯೋ ಮಾಡುವುದು ಹೇಗೆ ಎಂದು ಜಗತ್ತಿಗೆಲ್ಲ ಹೇಳಿಕೊಡುತ್ತಾರೆ. ಬಾದಾಮಿ, ಹುನಗುಂದದಿಂದೆಲ್ಲ ಫೋನ್ ಬರುತ್ತವೆ. ಈಗ ನನ್ನ ಸ್ಟುಡಿಯೋದಲ್ಲಿ ದಿನಾ ಮೊಳಗುವುದು ಅವರ ದನಿ. ನಾನು ರೊಟ್ಟಿ ಬಡಿಯುವ ಸಪ್ಪಳ ಕೌದಿ ದಾಟಿಯೂ ಒಳಗೆ ಬರುತ್ತದಂತೆ. ಅದಕ್ಕೇ ಟವೆಲ್ ಜೋತುಬಿದ್ದ ದಿನ ಲಟ್ಟಣಿಗೆಯಲ್ಲಿ ಸದ್ದಿಲ್ಲದೆ ಒತ್ತಿದ ಚಪಾತಿ. "ಸಪ್ಪಳಿಲ್ಲದ ಅಡಗಿ ಅಂದ್ರ ದವಾಖಾನಿ ಅಡಗಿ ಉಂಡಂಗ ಆಗ್ತೈತಿ ನೋಡವ್ವಾ" ಎನ್ನುತ್ತಾರೆ ಅತ್ತೆಯವರು. ನಾನು ಪದ ಹೇಳುತ್ತಿದ್ದದ್ದೇ ರೊಟ್ಟಿ ಬಡಿಯುತ್ತ. ಕೈ ನಿಂತ ಮೇಲೆ ಬಾಯಿಯೂ ತಾನಾಗಿ ನಿಂತಿತು. ಅದನ್ನು ಯಾರೂ ಗಮನಿಸಲಿಲ್ಲ ಎಂಬುದು ನನಗೆ ಇವತ್ತಿಗೂ ನೋಯುತ್ತದೆ.

ಹೋದ ತಿಂಗಳು ಅವರೇ ನನ್ನನ್ನು ಕರೆದರು. ಎರಡು ಹೊಸ ಮೈಕು ಅಕ್ಕಪಕ್ಕ ನಿಂತಿದ್ದವು. "ಒಂದ ಸಾಲು ಎರಡೂ ಮೈಕಿನ್ಯಾಗ ಹಾಡು. ಯಾವುದು ಚಲೋ ಅಂತ ಮಂದಿ ಹೇಳ್ತಾರ" ಅಂದರು. ಇಡೀ ಪದ ಹಾಡಲೇ ಎಂದು ಕೇಳಿದೆ. ಒಂದು ಸಾಲು ಸಾಕಂತೆ. ಅವ್ವನ ತೊಟ್ಟಿಲ ಪದದಿಂದ ಎತ್ತರಕ್ಕೆ ಏರುವ ಸಾಲನ್ನು ಆರಿಸಿಕೊಂಡೆ. ಮೊದಲ ಮೈಕಿನಲ್ಲಿ ದನಿ ಏರಿತು, ಅವ್ವನೇ ಹಾಡಿದ ಹಾಗಿತ್ತು. ಎರಡನೆಯದರಲ್ಲಿ ಅದೇ ಜಾಗಕ್ಕೆ ಹೋಗಿ ಒಡೆದು ಬಿತ್ತು. ಆ ಸ್ವರ ಇನ್ನು ಕರೆದಾಗ ಬರುವುದಿಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಕಣ್ಣಲ್ಲಿ ನೀರು ಬಂದದ್ದು ಕಾಣದಿರಲೆಂದು ಹೆಡ್‌ಫೋನ್ ತೆಗೆಯುವ ನೆಪದಲ್ಲಿ ತಲೆ ತಗ್ಗಿಸಿದೆ.

ವಿಡಿಯೋ ನೋಡಿದವರು ಮೆಚ್ಚಿಕೊಂಡರು. ಎರಡನೇ ಮೈಕು ಎತ್ತರದ ಸ್ವರಕ್ಕೆ ಒಡೆಯುತ್ತದೆ, ಅದನ್ನು ಕೊಳ್ಳಬೇಡಿ ಎಂದು ಒಬ್ಬರು ಬರೆದರೆ ಉಳಿದವರು ಹೌದು ಹೌದು ಎಂದರು. ಹಾಡಿದವರು ಯಾರು, ಅದು ಎಲ್ಲಿಯ ಪದ ಎಂದು ಒಬ್ಬರೂ ಕೇಳಲಿಲ್ಲ. ಯಜಮಾನರು ಆ ಎರಡನೇ ಮೈಕನ್ನು ಬಂದ ಡಬ್ಬಿಯಲ್ಲೇ ತುಂಬಿ ವಾಪಸ್ ಕಳಿಸಿಬಿಟ್ಟರು.

ಇನ್ನು ನನ್ನಿಂದ ಸುಮ್ಮನಿರಲಾಗಲಿಲ್ಲ. "ಒಡೆದದ್ದು ನನ್ನ ದನಿರಿ. ಮೈಕಿನ ತಪ್ಪಿಲ್ಲ" ಅಂದೆ.

ಅವರು ನನ್ನನ್ನೇ ನೋಡಿದರು. ನಿಧಾನಕ್ಕೆ ಅವರ ಮುಖ ಇಳಿಯಿತು. ಅಂತೂ ಅರ್ಥವಾಯಿತು ಎಂದುಕೊಂಡೆ. ಹಾಸಿಗೆಯ ಅಂಚಿಗೆ ಕುಸಿದು ಕುಳಿತರು.

"ಅಂದ್ರ ಆ ಮೈಕ್ ಭಾಳ ಚಲೋದಿತ್ತಲ್ಲ! ಇದ್ದದ್ದನ್ನ ಇದ್ದಂಗ ಹಿಡಿದೈತಿ. ಛೇ, ಸುಳ್ಳ ಸುಳ್ಳ ವಾಪಸ್ ಕಳಿಸಿಬಿಟ್ನಿ."

ಅವರ ದುಃಖ ನಿಜವಾದದ್ದೇ ಆಗಿತ್ತು. ಮನುಷ್ಯ ಹಾಗೆ ತಲೆಯ ಮೇಲೆ ಕೈಹೊತ್ತು ಕುಳಿತರೆ ಹೆಂಡತಿಯಾದವಳಿಗೆ ಸುಮ್ಮನೆ ನಿಂತಿರಲು ಆಗುತ್ತದೆಯೇ? ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟೆ.

"ಹೋಗ್ಲಿ ಬಿಡ್ರಿ, ಅಂಥಾದ್ದು ಇನ್ನೊಂದು ಸಿಗ್ತೈತಿ" ಅಂದೆ.

ಮೈಕಿನ ಮಟ್ಟಿಗೆ ಅದು ಖರೆ.