ಹಾಲು ಬೇಡವೆಂದ ದನಿ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆ ಕೋಣೆಯಲ್ಲಿ ನಾನಿದ್ದೆ. ಕೇಳಿದ್ದು ನನ್ನ ಇದೇ ಕಿವಿ.

ತಂಗಿ ಗಿರಿಜಾ ಹೆರಿಗೆಗೆಂದು ದಬ್ಬೇಘಟ್ಟದ ಹತ್ತಿರದ ನಮ್ಮ ತೋಟದ ಮನೆಗೆ ಬಂದಿದ್ದಳು. ಗಂಡುಮಗು. ಹುಟ್ಟಿ ವಾರವಾಗುವಷ್ಟರಲ್ಲಿ ಕಣ್ಣು, ಮೈ ಎಲ್ಲ ಹಳದಿ. ಕುಡಿದ ಹಾಲನ್ನೆಲ್ಲ ಕಕ್ಕುತ್ತಿತ್ತು. "ಎಳೆಗೂಸ್ಗೆ ಕಾಮಾಲೆ ಬತ್ತದೆ ಬುಡು" ಎಂದರು ನೋಡಲು ಬಂದವರು.

ಅವತ್ತು ಸಂಜೆ ಕತ್ತಲಾಗುತ್ತಲೇ ಕರೆಂಟು ಹೋಯಿತು. ಮೂಲೆಯಲ್ಲೊಂದು ಎಣ್ಣೆ ದೀಪ. ಗಾಳಿಯಿಲ್ಲ, ಆದರೂ ತೆಂಗಿನ ಗರಿ ಹೆಂಚನ್ನು ಪರಪರ ಕೆರೆಯುತ್ತಿತ್ತು. ಸಾಂಬ್ರಾಣಿ ಹೊಗೆಯ ನಡುವೆ ಸೀದ ಹಾಲಿನ ವಾಸನೆ... ಒಲೆಯ ಮೇಲೆ ಹಾಲೇ ಇರಲಿಲ್ಲ.

ಗಿರಿಜಾ ಮಗುವನ್ನು ಎದೆಗೆ ಹಿಡಿದಳು.

"ಕುಡುಸ್ಬ್ಯಾಡ ಕಣೇ... ಸಾಯ್ತದೆ."

ಹೆಂಗಸಿನ ದನಿ. ನನ್ನ ಕಿವಿಯ ಪಕ್ಕದಲ್ಲೇ. ಉಗಿದಂತಿತ್ತು, ಅಷ್ಟು ದ್ವೇಷ. ಮೊಬೈಲ್ ಟಾರ್ಚ್ ಹಾಕಿ ಸುತ್ತ ನೋಡಿದೆ. ನಮ್ಮಿಬ್ಬರನ್ನು ಬಿಟ್ಟು ಯಾರೂ ಇಲ್ಲ. ಬೆಳಕು ಮಗುವಿನ ಮೇಲೆ ಬಿತ್ತು. ರಕ್ತಪರೀಕ್ಷೆಗೆಂದು ಬೆಳಿಗ್ಗೆ ನರ್ಸು ಚುಚ್ಚಿದ್ದ ಹಿಮ್ಮಡಿಯಿಂದ ಇನ್ನೂ ರಕ್ತ ಜಿನುಗುತ್ತಿತ್ತು. ಬಟ್ಟೆಯೆಲ್ಲ ಒದ್ದೆ.

ಪಕ್ಕದ ತೋಟದವರ ಕಾರಿನಲ್ಲಿ ತಿಪಟೂರಿಗೆ ಓಡಿದೆವು. ಅಲ್ಲಿನ ಆಸ್ಪತ್ರೆಯವರು ನೋಡಿ ಆಂಬುಲೆನ್ಸ್ ಕೊಟ್ಟು ಬೆಂಗಳೂರಿಗೆ ಕಳಿಸಿದರು.

"ಕೊಡು, ಸ್ವಲ್ಪ ಹೊತ್ತು ನಾನ್ ಹಿಡ್ಕತೀನಿ" ಎಂದೆ ದಾರಿಯಲ್ಲಿ.

"ಮುಟ್ಬ್ಯಾಡ" ಎಂದಳು ಗಿರಿಜಾ. ಭಯಕ್ಕೆ ಹಾಗೆ ಆಡುತ್ತಿದ್ದಾಳೆ ಅಂದುಕೊಂಡೆ.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಲಿವರ್ ಕೈಕೊಡ್ತಾ ಇದೆ. ಅದಕ್ಕೇ ರಕ್ತ ಹೆಪ್ಪುಗಟ್ತಿಲ್ಲ. ಸೋಂಕಿರಬಹುದು, ಹುಟ್ಟಿನಿಂದ ಬಂದ ದೋಷ ಇರಬಹುದು. ಗೊತ್ತಾಗೋವರೆಗೂ ಹಾಲು ಪೂರ್ತಿ ನಿಲ್ಲಿಸ್ತೀವಿ."

ನಾನು ಗಿರಿಜಾಳತ್ತ ತಿರುಗಿದೆ.

ನರಕ್ಕೆ ಗ್ಲೂಕೋಸ್, ಸೋಂಕಿಗೆ ಔಷಧಿ, ರಕ್ತ ಹೆಪ್ಪುಗಟ್ಟಲು ವಿಟಮಿನ್ ಇಂಜೆಕ್ಷನ್, ಪ್ಲಾಸ್ಮಾ ಎಲ್ಲ ಕೊಟ್ಟರು. ಆಮೇಲೆ ಕಾರಣ ತಿಳಿಯಿತು. ಹಾಲಿನಲ್ಲಿರುವ ಒಂದು ಬಗೆಯ ಸಕ್ಕರೆ ಆ ಮಗುವಿಗೆ ಅರಗುತ್ತಿರಲಿಲ್ಲ. ತೀರಾ ಅಪರೂಪದ ಕಾಯಿಲೆಯಂತೆ. ಬೇರೆ ಮಕ್ಕಳಿಗೆ ಅಮೃತವಾದ ತಾಯಿಹಾಲು ಇದರ ಲಿವರಿಗೆ ವಿಷವಾಗಿತ್ತು. ಎದೆಹಾಲು ಬಿಡಿಸಿ, ಎಳೆಮಕ್ಕಳ ಸೋಯಾ ಪುಡಿ ಕಲಸಿ ಕುಡಿಸತೊಡಗಿದ ಮೇಲೆ ಹಳದಿ ಇಳಿಯಿತು. ಮಗು ಬದುಕಿತು.

ಊರಿಗೆ ಮರಳಿದ ಮೇಲೆ ಒಂದು ದಿನ ಮೆಲ್ಲಗೆ ಕೇಳಿದೆ. "ಅವತ್ತು ಕುಡುಸ್ಬ್ಯಾಡ ಅಂದದ್ದು ಯಾರು ಗಿರಿಜಾ? ನಿಂಗೂ ಕೇಳುಸ್ತಲ್ವಾ?"

ಅವಳು ತೊಟ್ಟಿಲನ್ನು ತನ್ನತ್ತ ಎಳೆದುಕೊಂಡಳು.

"ಯಾರು ಅಂದ್ರೆ? ನೀನೇ ಕಣಕ್ಕ. ನಾನು ನಿನ್ ಮುಖಾನೇ ನೋಡ್ತಿದ್ದೆ. ನಿನ್ ತುಟಿ ಆಡ್ತು."

ದೇವರಾಣೆ, ನಾನು ಬಾಯಿ ತೆರೆದಿರಲಿಲ್ಲ.

ಮಗು ಈಗ ಓಡಾಡುತ್ತದೆ. ಗಿರಿಜಾ ಅದನ್ನು ನನ್ನೊಬ್ಬಳ ಹತ್ತಿರ ಬಿಡುವುದಿಲ್ಲ. ಬಿಟ್ಟರೂ ಅದರ ಜೊತೆ ಒಬ್ಬಳೇ ಇರಲು ನನಗೆ ಧೈರ್ಯವಿಲ್ಲ...